ಅಯ್ಯನವರ ದೃಷ್ಟಾಂತದಲ್ಲಿ ನಮ್ಮಕ್ಕ

ನಮ್ಮಕ್ಕ ಹೊಲಿಗೆಯವಳು. ಅವಳು ಕೈಯಲ್ಲಿ ಹಾಕಿದ ಕಾಜಾ ನೋಡಿದರೆ ಮಿಷನ್ನೇ ನಾಚಬೇಕು. ಅಂಥ ಕೈಯನ್ನು ಹದಿನಾಲ್ಕು ವರ್ಷ ತಿರುಚಿದವನು ನಮ್ಮ ಭಾವ, ಲಾರಿ ಮೆಕ್ಯಾನಿಕ್. ಷರ್ಟಿನ ಗುಂಡಿ ಬಿದ್ದರೂ ಹೊಡೆತ, ಹಾಕಿಕೊಡಲು ತಡವಾದರೂ ಹೊಡೆತ.

ನನ್ನದು ಮಾಂಸದಂಗಡಿ. ಜನ ನನ್ನನ್ನು ಕಟುಕ ಎನ್ನುತ್ತಾರೆ. ನಾನು ಕಡಿಯುವುದು ಸತ್ತ ಮೇಲೆ, ಅವನು ಕಡಿಯುತ್ತಿದ್ದದ್ದು ಬದುಕಿರುವಾಗಲೇ. ಅವನಿಗೊಂದು ಗತಿ ಕಾಣಿಸುತ್ತೇನೆ ಎಂದು ಎದ್ದಾಗಲೆಲ್ಲ ಅಕ್ಕ ಆಣೆ ಹಾಕಿಸಿ ನನ್ನ ಕೈ ಕಟ್ಟಿಹಾಕುತ್ತಿದ್ದಳು.

ಒಂದು ಬುಧವಾರ ಬೆಳಿಗ್ಗೆ ಅವನು ಸ್ಪ್ಯಾನರಿನಿಂದ ಬಾರಿಸಿ ಅವಳ ಎರಡು ಹಲ್ಲು ಉದುರಿಸಿದ. ಬಾಯಿಗೆ ಸೆರಗು ಒತ್ತಿಕೊಂಡು ಅಕ್ಕ ನಮ್ಮ ಮನೆಗೆ ಬಂದಳು. "ಇನ್ನು ಆ ಮನೆಗೆ ಹೋಗಲ್ಲ ಕಣೋ," ಎಂದಳು. ನನ್ನ ಹೆಂಡತಿ ಕಿಟಕಿಯ ಪಕ್ಕ ಅವಳ ಮಿಷನ್ನಿಗೆ ಜಾಗ ಮಾಡಿಕೊಟ್ಟಳು. ಸದ್ಯ, ಜೀವ ಉಳಿಯಿತು ಎಂದುಕೊಂಡೆ.

ಶುಕ್ರವಾರ ನಮ್ಮ ಸಭೆಯ ಪಾದ್ರಿಗಳು, ನಾವೆಲ್ಲ ಅಯ್ಯನವರು ಎನ್ನುವವರು, ನೋಡಲು ಬಂದರು. ಒಳ್ಳೆಯ ಮನುಷ್ಯ, ಇಲ್ಲ ಎನ್ನಲಾರೆ. ಆದರೆ ದೃಷ್ಟಾಂತದ ಹುಚ್ಚು! ಜೇಬಿನಲ್ಲಿ ಸದಾ ಒಂದು ನೋಟ್‌ಬುಕ್. ಕೋಪಕ್ಕೆ ಕೆಲವು ಪುಟ, ಕ್ಷಮೆಗೆ ಕೆಲವು ಪುಟ. ಜನ ಅತ್ತು ಹೇಳಿಕೊಂಡದ್ದನ್ನು ಊರು ಬದಲಿಸಿ ಭಾನುವಾರದ ಪ್ರಸಂಗದಲ್ಲಿ ಹೇಳುತ್ತಿದ್ದರು. ನಮಗೂ ಅದೇ ರುಚಿ. ಬೈಬಲ್ ವಾಕ್ಯ ಮರೆತರೂ ಕಥೆ ಮರೆಯುತ್ತಿರಲಿಲ್ಲ. ಅಕ್ಕ ಅವರ ಮುಂದೆ ಎಲ್ಲವನ್ನೂ ತೋಡಿಕೊಂಡಳು.

ಆ ಭಾನುವಾರದ ಪ್ರಸಂಗ ಕ್ಷಮೆಯ ಮೇಲೆ. "ದೂರದ ಊರಲ್ಲಿ ಹೊಲಿಗೆ ಮಾಡುವ ಒಬ್ಬ ತಾಯಿ. ಗಂಡ ಆಕೆಯ ಹಲ್ಲು ಮುರಿದ. ಆಕೆ ಏನು ಮಾಡಿದಳು ಗೊತ್ತೇ? ತಿರುಗಿ ಹೋಗಿ ಅವನ ಕಾಲು ತೊಳೆದಳು! ಆ ಗಂಡ ಇವತ್ತು ಕುರಿಮರಿ!"

ಅಯ್ಯೋ ದೇವರೇ, ನಡೆಯದ್ದನ್ನು ನಡೆದ ಹಾಗೆ! ಕಥೆಗೊಂದು ಕೊನೆ ಬೇಕಿತ್ತು, ತಾವೇ ಹಾಕಿಬಿಟ್ಟರು. ಇಡೀ ಸಭೆ ಅಕ್ಕನ ಊದಿದ ತುಟಿಯತ್ತ ತಿರುಗಿತು. ಆರಾಧನೆ ಮುಗಿದ ಮೇಲೆ ಹೆಂಗಸರು ಸುತ್ತುವರಿದು "ನಿನ್ನದು ದೊಡ್ಡ ಮನಸ್ಸು ಕಣಮ್ಮ" ಎಂದು ಕಣ್ಣೊರೆಸಿಕೊಂಡರು.

"ಅವರಿಗೇನು, ಬಾಯಿಗೆ ಬಂದದ್ದು ಹೇಳ್ತಾರೆ. ನೀನು ಹೋಗಬೇಡಕ್ಕ," ಎಂದೆ.

"ಅಯ್ಯನವರು ಸಭೆ ಎದುರು ನಿಂತು ಹೇಳಿದ್ದು ಸುಳ್ಳಾಗಬಾರದು ಕಣೋ." ಮಧ್ಯಾಹ್ನವೇ ಹೊರಟುಬಿಟ್ಟಳು.

ಸುದ್ದಿ ಭಾವನಿಗೆ ಆಗಲೇ ಮುಟ್ಟಿತ್ತು. ಅವಳು ನೀರು ತಂದು ಕಾಲ ಬಳಿ ಬಗ್ಗಿದಾಗ "ಸಭೇಲಿ ನನ್ನ ಮಾನ ಕಳೀತೀಯಾ?" ಎಂದು ಮುಖಕ್ಕೆ ಒದ್ದ. ಬಿದ್ದವಳ ಬಲಗೈ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದ. ಚರ್ಮ ಸುಡುವ ವಾಸನೆ ಬೀದಿಗೆ ಬಂತಂತೆ. ಪಕ್ಕದ ಮನೆಯವರು ನನ್ನನ್ನು ಕರೆದರು. ಆಣೆ ಗೀಣೆ ಗಾಳಿಗೆ ತೂರಿ, ಮಚ್ಚಿನ ಹಿಂಬದಿಯಿಂದ ಅವನ ಮೊಣಕಾಲಿನ ಚಿಪ್ಪು ಪುಡಿಮಾಡಿದೆ. ಪೊಲೀಸರು ಇಬ್ಬರನ್ನೂ ಎಳೆದೊಯ್ದರು. ಪಶ್ಚಾತ್ತಾಪ? ನನಗೆ ಚೂರೂ ಇಲ್ಲ.

ಜಾಮೀನಿನ ಮೇಲೆ ಬಂದ ಮೇಲೆ ಅಕ್ಕನನ್ನು ಆರಾಧನೆಗೆ ಕರೆದೊಯ್ದೆ. ಅವಳ ಬೆರಳುಗಳು ಒಂದಕ್ಕೊಂದು ಅಂಟಿಹೋಗಿದ್ದವು. ಇನ್ನು ಸೂಜಿ ಹಿಡಿಯುವಂತಿಲ್ಲ. ಅಯ್ಯನವರು ಅವಳನ್ನು ಕಂಡು ಪ್ರಸಂಗ ನಿಲ್ಲಿಸಿದರು.

"ತಪ್ಪು ನನ್ನದು," ಎಂದು ಎಲ್ಲರೆದುರು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಹಳೆಯ ಚಾಳಿ ನೋಡಿ, ದನಿ ಏರಿಸಿದರು. "ಆದರೂ ಪ್ರಿಯರೇ, ಆ ತಾಯಿ ಕೊನೆಗೆ..."

ಅಕ್ಕ ಎದ್ದು ನಿಂತಳು.

"ಅಲ್ಲಿಗೇ ನಿಲ್ಲಿಸಿ ಅಯ್ಯನವರೇ. ಕೊನೆ ಹೇಳಬೇಡಿ. ನಾನಿನ್ನೂ ಬದುಕಿದ್ದೀನಿ."