ಜಿಗಿಯದ ಮಿಡತೆಗಳು

ಪಿಕಳಾರ ಎಂಬ ಹೆಸರನ್ನು ನಾನು ಕಲಿತದ್ದು ದೊಡ್ಡವಳಾದ ಮೇಲೆ, ಪುಸ್ತಕದಿಂದ. ನಮ್ಮೂರು ಗೋಗಿಯ ಕಡೆ ನಾವು ಬುಲ್‌ಬುಲಿ ಎನ್ನುತ್ತಿದ್ದೆವು. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು, ಬೆಳಗಾದರೆ ಬೇವಿನ ಮರದಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಬಾಯಿ ಮಾಡುವ ಹಕ್ಕಿ. ಕುರುಚಲು ಕಾಡಿನಲ್ಲಿ ಹೆಚ್ಚಂತೆ. ನಮ್ಮಲ್ಲಿ ಕಾಡೆಲ್ಲಿಂದ ಬರಬೇಕು? ಕೆನಾಲಿನ ದಂಡೆಯ ಜಾಲಿಯೇ ಅದಕ್ಕೆ ಕಾಡು.

ಕೆನಾಲಿಗೆ ನೀರು ಬಿಟ್ಟು ಮೂರ್ನಾಲ್ಕು ವರ್ಷವಾಗಿತ್ತು. ಜೋಳದ ಹೊಲಗಳು ಹತ್ತಿಗೆ ತಿರುಗಿದ್ದವು. ಅಂಥದೊಂದು ಹೊಲಕ್ಕೆ ಅವ್ವ ಕಸ ತೆಗೆಯಲು ಕೂಲಿ ಹೋಗುತ್ತಿದ್ದಳು. ಆ ಶ್ರಾವಣದಲ್ಲಿ ನಮ್ಮ ಅಂಗಳದ ದಾಸವಾಳದ ಗಿಡದಲ್ಲಿ ಬುಲ್‌ಬುಲಿ ಜೋಡಿ ಗೂಡು ಕಟ್ಟಿತು. ಅಂಗೈಯಷ್ಟು ಬಟ್ಟಲು, ಕಡ್ಡಿಗಳಿಗೆ ಜೇಡರ ಬಲೆ ಸುತ್ತಿ ಬಿಗಿದದ್ದು. ಮೂರು ಮೊಟ್ಟೆ, ನಸುಗೆಂಪಿನ ಮೇಲೆ ಕಂದು ಚುಕ್ಕೆ. ಮರಿಯಾಗಿ ವಾರವೂ ಆಗಿರಲಿಲ್ಲ, ಪಕ್ಕದ ಮನೆಯ ಆಡು ಟೊಂಗೆ ಜಗ್ಗಿ ಗೂಡು ಕೆಡವಿತು. ಬದುಕಿ ಉಳಿದದ್ದು ಒಂದೇ ಮರಿ.

ಅವ್ವ ಹಳೆಯ ಬುಟ್ಟಿಯೊಂದರಲ್ಲಿ ಅರಿವೆ ಹಾಸಿ, ಮರಿಯನ್ನಿಟ್ಟು, ಅದೇ ಗಿಡದ ಮೇಲಿನ ಟೊಂಗೆಗೆ ಕಟ್ಟಿದಳು.

"ಅದರವ್ವ ಅಪ್ಪ ಬಂದು ಉಣಸ್ತಾವ. ನೀ ಕೈ ಹಚ್ಚಬ್ಯಾಡ," ಎಂದಳು.

ಬಂದವು ಕೂಡ. ತಾವು ಹಣ್ಣು ತಿನ್ನುವ ಹಕ್ಕಿಗಳು, ಮರಿಗೆ ಮಾತ್ರ ಹುಳ, ಮಿಡತೆ. ಆದರೆ ಜಾಲಿಯವರೆಗೆ ಹೋಗಿ ಬರಲು ಅವಕ್ಕೆ ಹೊತ್ತಾಗುತ್ತಿತ್ತು, ಮರಿ ಬಾಯಿ ತೆರೆದೇ ಇರುತ್ತಿತ್ತು. ನನಗದನ್ನು ನೋಡಲಾಗಲಿಲ್ಲ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹತ್ತು ವರ್ಷದ ನಾನು ಆ ಜಾತಿಯವಳು.

ಜಾಲಿಯ ಕೆಳಗೆ ಮಿಡತೆ ಹಿಡಿಯುವುದು ಸುಲಭವಲ್ಲ. ಕೈ ಚಾಚುವುದರೊಳಗೆ ಹಾರಿರುತ್ತದೆ. ಅವ್ವನಿಗೆ ಬುತ್ತಿ ಕೊಡಲು ಹೋದಾಗ ನೋಡಿದರೆ, ಹತ್ತಿ ಹೊಲದ ಬದುವಿನ ಮೇಲೆ ಬೇಕಾದಷ್ಟು ಮಿಡತೆ, ಒಂದೂ ಜಿಗಿಯುತ್ತಿಲ್ಲ. ಕಾಲು ಆಡಿಸುತ್ತ ಬಿದ್ದಿದ್ದವು. ಉದುರಿದ ಬೇವಿನ ಹಣ್ಣು ಆರಿಸಿದಂತೆ ಆರಿಸಿ ಬೆಂಕಿಪೊಟ್ಟಣ ತುಂಬಿಕೊಂಡೆ. ಮನೆಗೆ ಬಂದು ಐದು ತಿನ್ನಿಸಿದೆ. ಮರಿ ಗಬಗಬ ನುಂಗಿತು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಇಳಿಹೊತ್ತಿಗೆ ಮರಿಯ ಮೈ ನಡುಗತೊಡಗಿತು. ಕತ್ತು ಜೋತುಬಿತ್ತು. ಸತ್ತೇಹೋಯಿತು. ಅವ್ವ ಹೊಲದಿಂದ ಬಂದವಳು ಬೆಂಕಿಪೊಟ್ಟಣ ತೆರೆದು ನೋಡಿದಳು. ಬೈಯಲಿಲ್ಲ.

"ಆ ಹೊಲಕ್ಕ ನಿನ್ನಿ ಎಣ್ಣಿ ಹೊಡದಾರ," ಎಂದಳು.

ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. ಮರಿಯನ್ನು ಅವ್ವ ಗಿಡದ ಬುಡದಲ್ಲೇ ಹುಗಿದಳು. ಮರುದಿನ ಮುಂಜಾನೆ ದೊಡ್ಡ ಹಕ್ಕಿ ಬಾಯಲ್ಲಿ ಹಸಿರು ಹುಳ ಹಿಡಿದು ಬುಟ್ಟಿಯ ಅಂಚಿಗೆ ಬಂದು ಕೂತಿತು. ಒಳಗೆ ನೋಡಿತು, ಹೋಯಿತು, ಹುಳ ಹಿಡಿದೇ ಮತ್ತೆ ಬಂತು. ಬುಟ್ಟಿ ಬಿಚ್ಚುವ ಧೈರ್ಯ ನನಗಾಗಲಿಲ್ಲ. ಆ ಪಾಪ ನನ್ನದೇ ಎಂದು ಇವತ್ತಿಗೂ ಅನ್ನಿಸುತ್ತದೆ.

ಅಷ್ಟರಲ್ಲಿ ಅವ್ವ ಕಸ ತೆಗೆಯುವ ಖುರ್ಪಿ ಹಿಡಿದು ಹೊರಟಳು, ಅದೇ ಹೊಲಕ್ಕೆ, ಬರಿಗಾಲಲ್ಲಿ. ದಿನಾ ಸಂಜೆ ತಲೆ ಸಿಡಿಯುತ್ತದೆಂದು ಅವಳು ಹಣೆಗೆ ಬಟ್ಟೆ ಬಿಗಿಯುತ್ತಿದ್ದಳು. ಬಿಸಿಲಿನಿಂದ ಎಂದೇ ನಾವು ತಿಳಿದಿದ್ದೆವು. ನನಗೆ ಭಯ ಹುಟ್ಟಿತು. ಹೋಗಬೇಡವೆಂದು ಅಳುತ್ತ ಸೆರಗು ಹಿಡಿದೆ.

"ಬಿಡು ಯವ್ವಾ. ನಾ ಏನ್ ಮಿಡತಿ ತಿನ್ನಾಕ ಹೊಂಟೀನೇನು?" ಎಂದು ನಕ್ಕು, ಬೆರಳು ಬಿಡಿಸಿಕೊಂಡು ಹೋದಳು.

ಸಂಜೆ ಮಡಿಲು ತುಂಬ ರಾಜಗಿರಿ ಪಲ್ಲೆ ತಂದಳು. ಹತ್ತಿ ಸಾಲಿನ ನಡುವೆ ತಾನೇ ಹುಟ್ಟಿದ ಸೊಪ್ಪು. ಕಸದ ಜೊತೆ ಎಸೆಯಲು ಮನಸ್ಸಾಗದೆ ಯಾವಾಗಲೂ ತರುತ್ತಿದ್ದಳು. ಅವತ್ತು ಮಾತ್ರ ಮೂರು ಸಲ ತೊಳೆದಳು. ಬೇಳೆ ಹಾಕಿ ಕುದಿಸಿ, ರೊಟ್ಟಿಯ ಜೊತೆ ಬಡಿಸಿದಳು. ನಾನು ಒಲ್ಲೆನೆಂದು ತಾಟು ಸರಿಸಿದೆ. ಅವಳು ತಾಟನ್ನು ತನ್ನ ಕಡೆ ಎಳೆದುಕೊಂಡು, ನನ್ನ ಪಾಲಿನದನ್ನೂ ಉಂಡಳು.