‘ಗೊತ್ತಿಲ್ಲ’ ಎನ್ನಲು ಕಲಿತ ಫ್ರಿಜ್‌ಗಳು

ಬೆಳಗಿನ ಐದೂವರೆ. ಲಸಿಕೆ ಉಗ್ರಾಣದ ಹಿಂಬದಿಯ ಕೋಣೆಯಲ್ಲಿ ನಲವತ್ತೆರಡರ ಈ ಪ್ರೋಗ್ರಾಮರ್ ಸ್ವೆಟರಿನ ತೋಳು ಮೇಲೇರಿಸಿಕೊಂಡು ಪರದೆ ನೋಡುತ್ತಿದ್ದಾರೆ. ನಾನೂರ ಹನ್ನೆರಡು ಕ್ಲಿನಿಕ್‌ಗಳ ಫ್ರಿಜ್‌ಗಳು ಐದು ನಿಮಿಷಕ್ಕೊಮ್ಮೆ ತಮ್ಮ ತಾಪಮಾನ ಕಳಿಸುತ್ತವೆ. ದಿನಕ್ಕೆ ಲಕ್ಷದ ಮೇಲೆ ಬರುವ ಆ ಸಂದೇಶಗಳನ್ನು ಬಿಡಿಸಿ ಓದುವ ಕೋಡ್ ಇವರದು. ಡಾಕ್ಟರುಗಳಿಗೆ ಇವರ ಮುಖವೇ ಗೊತ್ತಿಲ್ಲ. ಕಾವಲುಗಾರನಿಗೆ ‘ಫ್ರಿಜ್ ಮೇಡಂ’.

ಪ್ರತಿ ಸಂದೇಶವೂ ತಾನೆಷ್ಟು ಉದ್ದ ಎಂದು ಮೊದಲೇ ಹೇಳಿಕೊಳ್ಳುತ್ತದೆ. ಮೇಡಂ ಅದನ್ನು ಸುತರಾಂ ನಂಬುವುದಿಲ್ಲ. “ಅರವತ್ನಾಲ್ಕು ಅಕ್ಷರ ದಾಟ್ತೀನಿ ಅಂದ್ರೆ ಬಾಗಿಲಲ್ಲೇ ವಾಪಸ್. ನಂಬಿ ಓದ್ತಾ ಹೋದ್ರೆ ಪಕ್ಕದ ಫ್ರಿಜ್ಜಿನ ಮಾತನ್ನೂ ಸೇರಿಸ್ಕೊಂಡು ಓದ್ಬಿಡುತ್ತೆ,” ಎಂದು ನಗುತ್ತಾರೆ.

ಈ ಅನುಮಾನ ಸುಮ್ಮನೆ ಬಂದದ್ದಲ್ಲ. ಆರು ವರ್ಷದ ಹಿಂದೆ ನರ್ಸ್ ಆಗಿರುವ ಇವರ ಅಕ್ಕನ ಕ್ಲಿನಿಕ್ಕಿನಲ್ಲಿ ಫ್ರಿಜ್ ಕೆಟ್ಟಿತ್ತು, ತಾಪಮಾನ ಅಳೆಯುವ ತಂತಿಯೂ ಕಿತ್ತುಹೋಗಿತ್ತು. ತಂತಿ ಕಿತ್ತರೆ ಯಂತ್ರ ‘ಮೈನಸ್ ನೂರಿಪ್ಪತ್ತೇಳು’ ಎಂದು ಕಳಿಸುತ್ತದೆ. ಅದು ತಾಪಮಾನವಲ್ಲ, ‘ಅಳೆಯಲಾಗುತ್ತಿಲ್ಲ’ ಎಂಬುದರ ಗುರುತು. ಆದರೆ ಕೋಡ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಂಟು ಡಿಗ್ರಿಗಿಂತ ಕಡಿಮೆ ಇದೆಯೇ? ಇದೆಯಲ್ಲ! ಕ್ಲಿನಿಕ್ಕಿನ ಪರದೆಯಲ್ಲೂ ಹಸಿರು ದೀಪ. ಸೀಸೆ ಎತ್ತಿಕೊಂಡ ಅಕ್ಕನ ಕೈಗೆ ಅದು ಬೆಚ್ಚಗೆನಿಸಿತು. ಇಲ್ಲದಿದ್ದರೆ ಹೊರಗೆ ಕಾಯುತ್ತಿದ್ದ ಮಕ್ಕಳಿಗೆಲ್ಲ ಕೆಟ್ಟ ಲಸಿಕೆಯೇ ಬೀಳುತ್ತಿತ್ತು.

“ತಪ್ಪು ನಂದೇ. ನಾಚಿಕೆಯಿಂದ ಭೂಮಿಗಿಳಿದುಹೋದೆ.”

ಅಂದೇ ಕೂತು ಕೆಳಗೂ ಒಂದು ಮಿತಿ ಹಾಕಿದರು. ಆ ಗುರುತಿನ ಅಂಕಿ ಬಂದರೆ ಪರದೆಯಲ್ಲಿ ಹಳದಿ ಬಣ್ಣದ ‘ಗೊತ್ತಿಲ್ಲ’. ಮೇಲಧಿಕಾರಿ ಹುಬ್ಬೇರಿಸಿದರು: “ಗೊತ್ತಿಲ್ಲ ಅನ್ನೋಕೆ ಇಷ್ಟೊಂದು ಯಂತ್ರ ಬೇಕೇನಮ್ಮಾ?” ಮೇಡಂ ಜಗ್ಗಲಿಲ್ಲ. “ಸುಳ್ಳು ಹೇಳೋದಕ್ಕಿಂತ ವಾಸಿ ಸಾರ್.”

ಅಕ್ಕನಿಗೆ ಮಾತ್ರ ನಂಬಿಕೆ ಬರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಫೋನ್: “ಏನೇ, ಇವತ್ತು ನಿಜ ಹೇಳ್ತಿದೆಯಾ ನಿನ್ ಪರದೆ?” ಕಳೆದ ವಾರ ಅಕ್ಕನ ಫ್ರಿಜ್ಜೇ ‘ಗೊತ್ತಿಲ್ಲ’ ಎಂದಿತು. ಹೋಗಿ ನೋಡಿದರೆ ಇಲಿ ತಂತಿ ಕಡಿದಿತ್ತು. ಅಕ್ಕ ‘ಹೂಂ’ ಎಂದರು, ಅಷ್ಟೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. “ನನ್ನ ಕೇಳ್ದೇನೇ ಅಕ್ಕ ಫ್ರಿಜ್ ಬಾಗಿಲು ತೆಗೀಬೇಕು. ಇನ್ನೇನಿಲ್ಲ.”

ಏಳು ಗಂಟೆಯಾಗುತ್ತದೆ. ಫೋನ್ ಇಲ್ಲ. ಏಳೂಕಾಲು. ಮೇಡಂ ಕಾಫಿ ಲೋಟವನ್ನು ಎತ್ತುತ್ತಾರೆ, ಕುಡಿಯದೆ ಇಡುತ್ತಾರೆ. ಕೊನೆಗೆ ತಡೆಯಲಾರದೆ ತಾವೇ ಫೋನ್ ಮಾಡುತ್ತಾರೆ. ಅತ್ತ ಕಡೆ ಮಗುವಿನ ಅಳು, ಅದರ ಮೇಲೆ ಅಕ್ಕನ ದನಿ:

“ಹಸಿರು ಇತ್ತಲ್ಲೇ, ಆಗ್ಲೇ ಶುರು ಮಾಡ್ದೆ. ಇಡು ಫೋನು, ಕೆಲ್ಸ ಇದೆ.”