ಖಾಲಿ ಸ್ಟ್ರಿಪ್‌ಗಳ ಲೆಕ್ಕ

ಅಮ್ಮನ ಲಿವರ್‌ನಿಂದ ಗಡ್ಡೆ ತೆಗೆದ ದಿನವೇ ನಾನೊಂದು ಹೊಸ ನೋಟ್‌ಬುಕ್ಕಿಗೆ ಗೆರೆ ಹಾಕಿದೆ. ದಿನಾಂಕ, ತೂಕ, ಊಟ, ಮಾತ್ರೆ, ರಕ್ತಪರೀಕ್ಷೆ. ಮಂಗಳೂರಿನ ಸರ್ಜನ್ ಬಿಡುಗಡೆಯ ದಿನ ಹೇಳಿದ್ದನ್ನು ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಗಡ್ಡೆ ಒಂದೇ ಇತ್ತು, ಪೂರ್ತಿ ತೆಗೆದಾಯಿತು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರ್ ಕಣಗಳು ಸಣ್ಣ ರಕ್ತನಾಳಗಳ ಒಳಗೂ ಸಿಕ್ಕಿವೆ. ಹಾಗಿದ್ದವರಲ್ಲಿ ರೋಗ ಮರಳುವ ಭಯ ಹೆಚ್ಚು. ಮೂರು ತಿಂಗಳಿಗೊಮ್ಮೆ ಎ.ಎಫ್.ಪಿ. ಎಂಬ ರಕ್ತಪರೀಕ್ಷೆ ಮಾಡಿಸಬೇಕು, ಅದು ಏರಿದರೆ ಎಚ್ಚರ. ಗಡ್ಡೆಗೆ ಮೂಲವಾದ ಹೆಪಟೈಟಿಸ್ ಬಿ ವೈರಸ್ಸನ್ನು ಅದುಮಿಡಲು ದಿನಕ್ಕೊಂದು ಮಾತ್ರೆ, ಜೀವನಪೂರ್ತಿ.

ಆಪರೇಷನ್ನಿಗೆ ಮೊದಲು ಎ.ಎಫ್.ಪಿ. 412. ಮೂರು ತಿಂಗಳಿಗೆ 6, ಆರು ತಿಂಗಳಿಗೆ 5. ಆ ಐದನ್ನು ನಾನು ಕೆಂಪು ಶಾಯಿಯಲ್ಲಿ ಬರೆದು ಸುತ್ತಲೂ ಚೌಕ ಹಾಕಿದ್ದೆ.

ನರಿಮೊಗರಿನ ಮನೆಯಲ್ಲಿ ನಾವಿಬ್ಬರೇ. ಪುತ್ತೂರಿನ ಬಟ್ಟೆ ಅಂಗಡಿಯ ಕೆಲಸಕ್ಕೆ ನಾನು ಎಂಟರ ಬಸ್ಸಿಗೆ ಹೊರಡುತ್ತಿದ್ದೆ. ಮಾತ್ರೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕಾದ್ದರಿಂದ ಅಮ್ಮ ಅದಕ್ಕೆ ಹನ್ನೊಂದು ಗಂಟೆ ಎಂದು ಗೊತ್ತುಮಾಡಿಕೊಂಡಿದ್ದಳು. ಸಂಜೆ ಬಂದು ನಾನು ಸ್ಟ್ರಿಪ್ ನೋಡಿ, ಒಂದು ಗುಳಿ ಖಾಲಿಯಾಗಿದ್ದರೆ ಮಾತ್ರೆಯ ಸಾಲಿನಲ್ಲಿ ಸರಿ ಗುರುತು ಹಾಕುತ್ತಿದ್ದೆ.

ಚಿಕ್ಕಮ್ಮ ಕಾಣಿಯೂರಿನಿಂದ ಬಂದಾಗಲೆಲ್ಲ ನಗುತ್ತಿದ್ದಳು. "ನಿನ್ನ ಪುಸ್ತಕ ಅರೆದು ಕುಡಿಸಿದ್ರೆ ಅಕ್ಕ ಬೇಗ ಗುಣ ಆದಾಳು ಮಾರಾಯ್ತಿ!"

ಒಂಬತ್ತನೇ ತಿಂಗಳಿಗೆ ಎ.ಎಫ್.ಪಿ. 38 ಬಂತು. ಲಿವರ್‌ನ ಉರಿಯೂತ ತೋರಿಸುವ ಇನ್ನೊಂದು ಅಂಕಿ, ನಲವತ್ತರೊಳಗೆ ಇರಬೇಕಾದದ್ದು, 240. ಸುಳ್ಯದಲ್ಲಿ ಅಮ್ಮನನ್ನು ನೋಡುತ್ತಿದ್ದ ಡಾಕ್ಟರು ಎರಡನ್ನೂ ಓದಿ ಕನ್ನಡಕ ತೆಗೆದರು.

"ಮಾತ್ರೆ ತಪ್ಪಿದ್ದುಂಟಾ?"

ನಾನು ಪುಸ್ತಕ ಬಿಡಿಸಿ ಮುಂದಿಟ್ಟೆ. ಒಂಬತ್ತು ತಿಂಗಳು, ತಪ್ಪಿದ್ದು ಸೊನ್ನೆ. ಅವರು ಪುಟ ತಿರುವಿದರು. "ಪುಸ್ತಕದಲ್ಲಿ ತಪ್ಪಲಿಲ್ಲ. ಅಮ್ಮ, ನೀವು ಹೇಳಿ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಮನೆಗೆ ಬಂದವಳೇ ತನ್ನ ಹಳೆಯ ಬೀಡಿ ಡಬ್ಬಿ ತಂದು ನನ್ನ ಮುಂದಿಟ್ಟಳು. ಎಲೆ ಕತ್ತರಿಸುವ ಕತ್ತರಿ, ನೂಲಿನ ಉಂಡೆ, ಅದರಡಿಯಲ್ಲಿ ಕಾಗದದ ಮೂರು ಪೊಟ್ಟಣ, ಬೀಡಿ ನೂಲಿನಲ್ಲೇ ಕಟ್ಟಿದ್ದು. ಎರಡರಲ್ಲಿ ತಲಾ ಇಪ್ಪತ್ತೈದು, ಮೂರನೆಯದರಲ್ಲಿ ಹದಿನಾಲ್ಕು ಮಾತ್ರೆ. ಮೂವತ್ತು ವರ್ಷ ಬೀಡಿ ಸುತ್ತಿ ಇಪ್ಪತ್ತೈದರ ಕಟ್ಟು ಕಟ್ಟಿದ ಕೈ.

"ಎಂತ ಅಮ್ಮ ಇದು?"

"ಚಿಕ್ಕಮ್ಮನ ಊರಲ್ಲಿ ಬೇರು ಅರೆದು ಕೊಡುವವರು ಉಂಟಲ್ಲ, ಅವಳೇ ತಂದು ಕೊಟ್ಳು. ಅದು ಕುಡಿಯುವಾಗ ಇಂಗ್ಲಿಷ್ ಮದ್ದು ಆಗುದಿಲ್ಲ ಅಂತ ಪಥ್ಯ. ಉಪ್ಪಿಲ್ಲ, ಮೀನಿಲ್ಲ. ಗಡ್ಡೆ ತೆಗ್ದಾಯ್ತಲ್ಲ, ಮತ್ತೆ ಮಾತ್ರೆ ಎಂತಕ್ಕೆ ಅಂತ ಅವಳೂ ಹೇಳಿದ್ಳು."

"ಸ್ಟ್ರಿಪ್ ಖಾಲಿ ಮಾಡಿದ್ದು?"

"ನೀನು ಸಂಜೆ ನೋಡ್ತೀಯಲ್ಲ. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಗಾ."

ಅರವತ್ತನಾಲ್ಕು ದಿನ. ನಾನು ಪುಸ್ತಕವನ್ನು ಹಿಂದಕ್ಕೆ ತಿರುವಿದೆ. ಊಟದ ಸಾಲಿನಲ್ಲಿ ನನ್ನದೇ ಅಕ್ಷರ: ಗಂಜಿ, ಮೀನು ಬೇಡವೆಂದಳು. ಗಂಜಿ, ಮೀನು ಬೇಡ. ಬಂಗುಡೆ ಮೀನು ತಂದೆ, ಮುಟ್ಟಲಿಲ್ಲ. ದಿನವೂ ಬರೆದಿದ್ದೆ. ಹಸಿವಿಲ್ಲವೇನೋ ಎಂದುಕೊಂಡು ಪಕ್ಕದ ಸಾಲಿನಲ್ಲಿ ಸರಿ ಗುರುತು ಹಾಕಿದ್ದೆ. ಖಾಲಿ ಗುಳಿ ಎಣಿಸಿದೆನೇ ಹೊರತು ಅಮ್ಮನ ಬಾಯಿ ನೋಡಲಿಲ್ಲ.

ಮರುದಿನ ಫೋನಿನಲ್ಲಿ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಗಡ್ಡೆ ಮರಳದೆಯೂ, ವೈರಸ್ ಎದ್ದು ಲಿವರ್ ಉರಿದಾಗ ಎ.ಎಫ್.ಪಿ. ಸ್ವಲ್ಪ ಏರುವುದುಂಟು, ಬೇರು ನಿಲ್ಲಿಸಿ ಇವತ್ತೇ ಮಾತ್ರೆ ಶುರುಮಾಡಿ, ಸ್ಕ್ಯಾನ್ ಮಾಡಿಸಿ ಎಂದರು. ಆ ಸ್ಕ್ಯಾನಿನಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಆರು ವಾರ ಬಿಟ್ಟು ಮತ್ತೆ ರಕ್ತ ಕೊಡಿ, ಎರಡೂ ಅಂಕಿ ಒಟ್ಟಿಗೆ ಇಳಿದರೆ ಒಳ್ಳೆಯದು ಎಂದರು.

ಆ ಆರು ವಾರ ನಾನು ಬದುಕಿದ್ದು "ಒಟ್ಟಿಗೆ" ಎಂಬ ಒಂದು ಪದದ ಮೇಲೆ. ನನ್ನಿಂದ ಆದ ತಪ್ಪು ಮಾತ್ರೆಯಿಂದ ಸರಿಹೋಗುವ ತಪ್ಪಾಗಿರಲಿ ಎಂದು ಬೇಡಿದೆ. ಚಿಕ್ಕಮ್ಮ ಬಂದಳು, ತಮಾಷೆ ಮಾಡಲಿಲ್ಲ, ಅಡುಗೆಮನೆಯಲ್ಲಿ ನಿಂತು ಅತ್ತು ಹೋದಳು. ನಾನು ಸಮಾಧಾನ ಹೇಳಲಿಲ್ಲ.

ಉರಿಯೂತದ ಅಂಕಿ 52ಕ್ಕೆ ಇಳಿಯಿತು. ಎ.ಎಫ್.ಪಿ. 61. ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಎರಡು ಸಲ ಓದಿದೆ. ಒಂದು ಇಳಿದಿತ್ತು, ಇನ್ನೊಂದು ಇಳಿದಿರಲಿಲ್ಲ. ಮುಂದಿನ ಸ್ಕ್ಯಾನಿನಲ್ಲಿ ಲಿವರ್‌ನ ಮೇಲೆ ಎರಡು ಹೊಸ ಚುಕ್ಕೆಗಳು ಕಂಡವು.

"ಮಾತ್ರೆ ಬಿಟ್ಟದ್ದರಿಂದಲಾ ಡಾಕ್ಟ್ರೇ?" ಎಂದು ಕೇಳಿದೆ.

"ಆ ರಕ್ತನಾಳಗಳಲ್ಲಿ ಮೊದಲೇ ಉಳಿದಿದ್ದಿರಬಹುದು. ಅದರಿಂದಲೇ ಅಂತ ಹೇಳ್ಲಿಕ್ಕಾಗುದಿಲ್ಲ. ಅಲ್ಲ ಅಂತಲೂ ಆಗುದಿಲ್ಲ."

ಈ ವಾಕ್ಯಕ್ಕೆ ನನ್ನ ಪುಸ್ತಕದಲ್ಲಿ ಸಾಲಿಲ್ಲ.

ಈಗ ಮಾತ್ರೆ ಬೆಳಿಗ್ಗೆ ಆರಕ್ಕೆ, ನನ್ನ ಎದುರೇ. ಅಮ್ಮ ನುಂಗಿ, ಬಾಯಿ ದೊಡ್ಡದಾಗಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಾಳೆ. "ಹೋಯ್ತು, ಬರಿ." ಮುಂದಿನ ಸೋಮವಾರ ಮಂಗಳೂರಿನ ಸರ್ಜನ್ ಹತ್ತಿರ ಹೋಗಬೇಕು. ಅಲ್ಲಿ ಏನು ಮಾಡಬಹುದು ಎಂದು ಅವರು ಇನ್ನೂ ಹೇಳಿಲ್ಲ.

ನಿನ್ನೆ ಅಮ್ಮ ಕೇಳಿದಳು, "ಆ ಅರವತ್ತನಾಲ್ಕು ಎಲ್ಲಿ ಬರ್ದಿದ್ದಿ?"

"ಬರೀಲಿಲ್ಲ. ಸರಿ ಗುರುತು ಹಾಗೇ ಉಂಟು."

"ಒಂದು ಬೀಡಿ ಕಡಿಮೆ ಆದ್ರೆ ಕಟ್ಟು ಬಿಚ್ಚಿ ಮತ್ತೆ ಎಣಿಸ್ತಿದ್ದವಳು ನಾನು. ಮಂಗಳೂರಿನವರು ನಿನ್ನ ಪುಸ್ತಕ ನೋಡಿಯೇ ಮದ್ದು ಹೇಳುದಲ್ವಾ? ತಪ್ಪು ಲೆಕ್ಕ ತೋರಿಸ್ಬೇಡ. ತೆಗಿ, ನಾನು ಹೇಳ್ತೇನೆ."

ಅಮ್ಮ ಗೋಡೆಗೆ ಒರಗಿ ಕೂತು ಒಂದು, ಎರಡು ಎಂದು ಎಣಿಸಿದಳು. ನಾನು ಒಂದೊಂದೇ ಗುರುತಿನ ಮೇಲೆ ಗೆರೆ ಎಳೆದೆ. ಇಪ್ಪತ್ತೈದಕ್ಕೆ ಅವಳು ಅಭ್ಯಾಸದಿಂದ ಒಮ್ಮೆ ಎಣಿಕೆ ನಿಲ್ಲಿಸಿದಳು. ನಾನು ಪೆನ್ನು ಎತ್ತಿ ಕಾದೆ.